ವರ್ಷದ ಪಾಸಿನ ಲೆಕ್ಕ

ಒಟ್ಟಿಗೆ ಕೊಂಡರೆ ಅಗ್ಗವೆಂಬುದು ನಮ್ಮ ಸಂಸಾರಗಳ ಬಹು ಹಳೆಯ ನಂಬಿಕೆ. ಸುಗ್ಗಿಯಲ್ಲಿ ವರ್ಷಕ್ಕಾಗುವಷ್ಟು ಜೋಳ ತುಂಬಿಡುವುದು, ಬೇಸಿಗೆಯಲ್ಲಿ ಮೆಣಸಿನಕಾಯಿ, ಹುಣಿಸೆಹಣ್ಣುಗಳನ್ನು ಕೊಂಡಿಡುವುದು, ಹಾಲಿಗೂ ಹೂವಿಗೂ ವರ್ತನೆ ಗೊತ್ತುಮಾಡಿಕೊಳ್ಳುವುದು, ಇವೆಲ್ಲ ಆ ನಂಬಿಕೆಯ ಫಲಗಳೇ. ನಂಬಿಕೆ ಸುಳ್ಳಲ್ಲ. ಆದರೆ ಅದರೊಳಗೆ ಒಂದು ಷರತ್ತು ಅಡಗಿದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳುವ ಅಗತ್ಯವೂ ಬೀಳುವುದಿಲ್ಲ. ಜೋಳವನ್ನು ಹೇಗಿದ್ದರೂ ನಾವು ತಿಂದೇ ತಿನ್ನುತ್ತೇವೆ; ಹಾಲಿಲ್ಲದೆ ಬೆಳಗಾಗುವುದಿಲ್ಲ. ತಿನ್ನಲೇಬೇಕಾದದ್ದನ್ನು ಒಟ್ಟಿಗೆ ಕೊಂಡವನು ಜಾಣ. ತಿನ್ನುವೆನೋ ಇಲ್ಲವೋ ಎಂಬುದೇ ಗೊತ್ತಿಲ್ಲದ್ದನ್ನು ಒಟ್ಟಿಗೆ ಕೊಂಡವನನ್ನು ಏನೆಂದು ಕರೆಯಬೇಕು?

ಈ ಪ್ರಶ್ನೆ ಈಗ ನಮ್ಮ ಮನೆಗಳಿಗೂ ಬಂದಿದೆ. ದಾವಣಗೆರೆಯ ಅಂಚಿನ ಹಳ್ಳಿಯಾಗಿದ್ದು ಈಗ ನಗರದೊಳಗೇ ಸೇರಿಹೋಗಿರುವ ಆವರಗೆರೆಯಲ್ಲಿ ನನ್ನ ತಂಗಿಯ ಮನೆ. ಆಕೆಯ ಗಂಡ ಖಾಸಗಿ ಶಾಲೆಯೊಂದರಲ್ಲಿ ಮೇಷ್ಟರು. ಒಂಬತ್ತನೆಯ ತರಗತಿಯ ಮಗಳು, ಐದನೆಯ ತರಗತಿಯ ಮಗ, ವಯಸ್ಸಾದ ಮಾವನವರು, ಹಳೆಯದೊಂದು ಕಾರು. ಮಾವನವರನ್ನು ತಿಂಗಳಿಗೊಮ್ಮೆ ಬೆಂಗಳೂರಿನ ವೈದ್ಯರಿಗೆ ತೋರಿಸಬೇಕು. ಹೀಗೆ ಕೈಬಿಗಿಹಿಡಿದು ನಡೆಯುತ್ತಿದ್ದ ಸಂಸಾರಕ್ಕೆ ಹೋದ ಬೇಸಿಗೆಯಲ್ಲಿ ಒಂದು ಪ್ರಕಟಣೆ ಬಂದಿತು. ಬೆಂಗಳೂರಿನ ಆಚೆಗಿರುವ ವಿನೋದ ಉದ್ಯಾನವೊಂದಕ್ಕೆ ವರ್ಷದ ಪಾಸು; ಮೂರು ಸಲ ಹೋದರೆ ಪಾಸಿನ ಹಣ ಹುಟ್ಟಿತು, ಮುಂದೆಲ್ಲ ಲಾಭ. ಅದೇ ವಾರ ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಚಿಕ್ಕಪ್ಪನ ಮಗನು ಫೋನಿನಲ್ಲಿ, ತಾವು ಪಾಸು ಕೊಂಡಿರುವುದರಿಂದ ಶನಿವಾರ ಸಂಜೆ ಊಟಕ್ಕೆಂದೂ ಡಿಸ್ನಿಲ್ಯಾಂಡಿಗೆ ಹೋಗಿಬರುವುದುಂಟೆಂದು ಹೇಳಿದ. ಮಕ್ಕಳಿಗೆ ಇನ್ನೇನು ಬೇಕು? ತಂಗಿ ನನ್ನನ್ನು ಕರೆಸಿ, "ಅಣ್ಣಾ, ನೀನೇ ಕೂತು ಲೆಕ್ಕ ಹಾಕಿ ಹೇಳು. ಇವಳ ಎಸ್.ಎಸ್.ಎಲ್.ಸಿ. ಖರ್ಚಿಗೆ ಇಟ್ಟ ಹಣ ಅದು. ಉಳಿಯುತ್ತದೆ ಅನ್ನುವುದಾದರೆ ಕೊಳ್ಳೋಣ" ಎಂದಳು.

ಲೆಕ್ಕ ಹಾಕುವ ಮೊದಲು ಈ ಪಾಸೆಂಬ ವಸ್ತುವಿನ ಹುಟ್ಟನ್ನು ಕೊಂಚ ನೋಡುವುದು ಒಳ್ಳೆಯದು. ನಮ್ಮೂರಿನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯನ್ನು ಕಂಡವರಿಗೆ ಗೊತ್ತು: ಅಲ್ಲಿ ದೊಡ್ಡ ತೊಟ್ಟಿಲಿಗೆ ಒಂದು ಟಿಕೇಟು, ಕುದುರೆಯ ಸುತ್ತಿಗೆ ಇನ್ನೊಂದು. ಹತ್ತುವಾಗ ಹಣ, ಇಳಿದಾಗ ಮುಗಿಯಿತು. 1955ರ ಜುಲೈಯಲ್ಲಿ ಡಿಸ್ನಿಲ್ಯಾಂಡು ಬಾಗಿಲು ತೆರೆದಾಗ ಅಲ್ಲಿಯೂ ಹೆಚ್ಚುಕಡಿಮೆ ಜಾತ್ರೆಯ ಪದ್ಧತಿಯೇ ಇತ್ತು. ಒಳಗೆ ಹೋಗಲು ಒಂದು ಹಣ, ಪ್ರತಿಯೊಂದು ಆಟಕ್ಕೂ ಬೇರೆ ಚೀಟಿ. 1982ರಲ್ಲಿ ಆ ಚೀಟಿಗಳು ಹೋಗಿ, ಬಾಗಿಲಲ್ಲೇ ಒಂದು ದರ ಕೊಟ್ಟು ದಿನವಿಡೀ ಆಡುವ ಪದ್ಧತಿ ಬಂದಿತು. ಆಮೇಲೆ ಅದರ ಮೇಲೆ ವರ್ಷದ ಪಾಸು ಬೆಳೆಯಿತು. ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾದಂಥ ನಮ್ಮ ಉದ್ಯಾನಗಳು ಬಂದದ್ದೇ ಬಾಗಿಲಲ್ಲಿ ಒಟ್ಟು ಹಣ ಕೊಡುವ ಕಾಲದಲ್ಲಿ. ಈ ಬೆಳವಣಿಗೆಯಲ್ಲಿ ಒಂದು ಕ್ರಮವಿದೆ. ಪ್ರತಿ ಹಂತದಲ್ಲಿಯೂ ಹಣ ಕೊಡುವ ಗಳಿಗೆ ಸಂತೋಷಪಡುವ ಗಳಿಗೆಯಿಂದ ದೂರ ದೂರ ಸರಿಯುತ್ತ ಬಂದಿದೆ. ತೊಟ್ಟಿಲು ಹತ್ತುವಾಗ ಹಣ ಕೊಟ್ಟವನಿಗೆ ಈ ಸುತ್ತು ಇಷ್ಟು ಹಣಕ್ಕೆ ತಕ್ಕದ್ದೇ ಎಂಬುದು ಅಲ್ಲಿಯೇ ತಿಳಿದುಹೋಗುತ್ತದೆ. ಒಂದು ವರ್ಷದ ಸಂತೋಷಕ್ಕೆ ಇಂದು ಹಣ ಕೊಟ್ಟವನು ಮುಂದಿನ ವರ್ಷದ ತನ್ನ ಮೇಲೆ ಭರವಸೆಯಿಟ್ಟು ಸಾಲ ಕೊಟ್ಟಂತೆ.

ಸರಿ, ಲೆಕ್ಕಕ್ಕೆ ಬರೋಣ. ದರಗಳು ಆಗಾಗ ಬದಲಾಗುವುದರಿಂದ ದುಂಡು ಸಂಖ್ಯೆಗಳನ್ನೇ ಹಿಡಿದೆವು. ಒಬ್ಬರಿಗೆ ಬಾಗಿಲ ಟಿಕೇಟು 1,500 ರೂಪಾಯಿ, ನಾಲ್ವರಿಗೆ 6,000. ವರ್ಷದ ಪಾಸು ಅದರ ಎರಡೂವರೆಯಷ್ಟು, ಅಂದರೆ ನಾಲ್ವರಿಗೆ 15,000. ಮೂರು ಸಲ ಟಿಕೇಟು ಕೊಂಡು ಹೋದರೆ 18,000. ಪಾಸಿನಲ್ಲಿ ಹೋದರೆ 15,000. ಮೂರು ಸಾವಿರ ಉಳಿಯಿತು. ಪ್ರಕಟಣೆಯ ಮಾತು ಅಕ್ಷರಶಃ ನಿಜ. ಹುಡುಗ ಆಗಲೇ ಕುಣಿದಾಡಿದ.

ಆದರೆ ಈ ಲೆಕ್ಕ ಉದ್ಯಾನದ ಬಾಗಿಲಿನಿಂದ ಶುರುವಾಗುತ್ತದೆ. ಸಂಸಾರದ ಲೆಕ್ಕ ಮನೆಯ ಬಾಗಿಲಿನಿಂದ ಶುರುವಾಗಬೇಕು. ಆವರಗೆರೆಯಿಂದ ಬಿಡದಿಯ ಕಡೆಗೆ ಸುಮಾರು 290 ಕಿಲೋಮೀಟರು, ಹೋಗಿಬರಲು 580. ಲೀಟರಿಗೆ 15 ಕಿಲೋಮೀಟರು ಓಡುವ ಕಾರಿಗೆ 39 ಲೀಟರು ಪೆಟ್ರೋಲು ಬೇಕು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ 3,900. ಹೆದ್ದಾರಿಯ ಟೋಲಿಗೆ 800. ಒಂದು ರಾತ್ರಿ ತಂಗಲು 2,500, ಊಟ ತಿಂಡಿಗೆ 1,500. ಟಿಕೇಟು ಬಿಟ್ಟು ಇಷ್ಟೇ 8,700 ಆಯಿತು. ದಾರಿಯ ಖರ್ಚು ಬಾಗಿಲ ಖರ್ಚನ್ನು ಮೀರಿಸಿದ ಮೇಲೆ, ಬಾಗಿಲಲ್ಲಿ ದೊರೆಯುವ ರಿಯಾಯಿತಿಗೆ ಬೆಲೆಯೆಷ್ಟು?

ಒಂದೇ ಸಲ ಟಿಕೇಟು ಕೊಂಡು ಹೋಗಿಬಂದರೆ ಒಟ್ಟು 14,700. ಪಾಸು ಕೊಂಡು ಮೂರು ಸಲ ಹೋದರೆ ಪಾಸಿಗೆ 15,000, ದಾರಿಗೆ 26,100, ಕೂಡಿದರೆ 41,100. ಎಂದರೆ ಮೂರು ಸಾವಿರ ಉಳಿಸುವ ಸಲುವಾಗಿ 26,400 ರೂಪಾಯಿಗಳನ್ನು ಹೆಚ್ಚಾಗಿ ಖರ್ಚು ಮಾಡಬೇಕು. ನಾನು ಕಾಗದವನ್ನು ಮೇಷ್ಟರ ಮುಂದೆ ಸರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಎರಡು ಸಲ ಕೂಡಿ ನೋಡಿ, ಮಾತಾಡದೆ ಹಿಂದಕ್ಕೆ ಕೊಟ್ಟರು.

ಬಸ್ಸಿನಲ್ಲಿ ಹೋಗಬಹುದಲ್ಲ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ತಾಯಿಗೂ ಮಗಳಿಗೂ ಚಾರ್ಜಿಲ್ಲ. ತಂದೆಯ ಟಿಕೇಟೂ ಮಗನ ಅರ್ಧ ಟಿಕೇಟೂ ಕೊಂಡರೆ ಸಾಕು. ದಾರಿಯ ಖರ್ಚು ಬಹಳ ಇಳಿಯುತ್ತದೆ, ನಿಜ. ಆದರೂ ತಂಗುವುದು ತಪ್ಪದು, ಊಟ ತಪ್ಪದು. ಇಡೀ ದಿನದ ಪ್ರಯಾಣದ ಮೇಲೆ ಇಡೀ ದಿನದ ಆಟ, ಮರುದಿನ ಮತ್ತೆ ಪ್ರಯಾಣ. ಒಂಬತ್ತನೆಯ ತರಗತಿಯ ಹುಡುಗಿಗೆ ವರ್ಷದಲ್ಲಿ ಇಂಥ ಮೂರು ದಿನಗಳ ಬಿಡುವು ಎಷ್ಟು ಸಲ ಸಿಕ್ಕೀತು? ದಸರೆ, ಬೇಸಿಗೆ, ಇನ್ನೊಂದು ಎಂದು ಬೆರಳು ಮಡಿಸಬಹುದು. ಆ ದಿನಗಳಲ್ಲಿ ಊರೆಲ್ಲ ಅಲ್ಲಿಯೇ ನೆರೆದಿರುತ್ತದೆ. ಹಬ್ಬದ ದಿನಗಳಲ್ಲಿ ಪಾಸು ನಡೆಯದೆಂಬ ನಿಬಂಧನೆಯನ್ನು ಸಣ್ಣ ಅಕ್ಷರಗಳಲ್ಲಿ ಅಚ್ಚು ಮಾಡುವ ಪದ್ಧತಿಯೂ ಈ ವ್ಯಾಪಾರದಲ್ಲಿ ಉಂಟು.

ಹಾಗಾದರೆ ಕ್ಯಾಲಿಫೋರ್ನಿಯಾದ ತಮ್ಮನಿಗೆ ಪಾಸು ಲಾಭವಾದದ್ದು ಹೇಗೆ? ಅವನ ಮನೆಯಿಂದ ಆ ಉದ್ಯಾನಕ್ಕೆ ಅರ್ಧ ಗಂಟೆಯ ದಾರಿ. ಪಾಸಿಲ್ಲದಿದ್ದರೂ ಆ ಕುಟುಂಬ ಶನಿವಾರ ಸಂಜೆ ಎಲ್ಲಿಗಾದರೂ ಹೋಗಿ ಹಣ ಕೊಟ್ಟು ಉಣ್ಣುತ್ತಿತ್ತು. ಪಾಸು ಅವರ ಅಭ್ಯಾಸಕ್ಕೆ ಬಂದು ಸೇರಿಕೊಂಡಿತೇ ಹೊರತು ಹೊಸ ಅಭ್ಯಾಸವನ್ನು ಬೇಡಲಿಲ್ಲ. ಕೆಂಗೇರಿಯಲ್ಲಿಯೋ ಬಿಡದಿಯಲ್ಲಿಯೋ ಮನೆಯಿರುವ ಸಂಸಾರಕ್ಕೂ ಈ ಮಾತು ಒಪ್ಪೀತು. ಆದರೂ ಅಪಾಯವಿಲ್ಲದಿಲ್ಲ. 2020ರ ಮಾರ್ಚಿನಲ್ಲಿ ಮಹಾಮಾರಿಯ ದೆಸೆಯಿಂದ ಡಿಸ್ನಿಲ್ಯಾಂಡು ಮುಚ್ಚಿತು. 2021ರ ಜನವರಿಯಲ್ಲಿ ವರ್ಷದ ಪಾಸಿನ ಯೋಜನೆಯೇ ರದ್ದಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಬೇರೆ ಹೆಸರಿನಿಂದ ಹೊಸ ಪಾಸು ಬಂದಾಗ, ದಿನವನ್ನು ಮೊದಲೇ ಕಾದಿರಿಸಿಕೊಂಡು ಬರಬೇಕೆಂಬ ನಿಯಮವೂ ಜೊತೆಗೆ ಬಂದಿತು. ಮುಂಗಡ ಕೊಟ್ಟವನು ಕೊಂಡದ್ದು ಬಾಗಿಲನ್ನಲ್ಲ. ಬಾಗಿಲು ತೆರೆದಿರುವಾಗ, ಅವರು ಹೇಳಿದ ನಿಯಮದಲ್ಲಿ ಒಳಗೆ ಹೋಗುವ ಅನುಮತಿಯನ್ನು.

ಮನುಷ್ಯನು ತನ್ನ ಮುಂದಿನ ದಿನಗಳನ್ನು ಎಷ್ಟು ಉದಾರವಾಗಿ ಊಹಿಸಿಕೊಳ್ಳುತ್ತಾನೆಂಬುದಕ್ಕೆ ಪ್ರಮಾಣವಿದೆ. ಸ್ಟೆಫಾನೊ ಡೆಲ್ಲಾವಿನ್ಯಾ, ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರಿಬ್ಬರು ಅಮೆರಿಕದ ಮೂರು ವ್ಯಾಯಾಮಶಾಲೆಗಳ 7,700ಕ್ಕೂ ಹೆಚ್ಚು ಸದಸ್ಯರ ಹಾಜರಿಯನ್ನು ಪರಿಶೀಲಿಸಿ 2006ರಲ್ಲಿ ಒಂದು ಲೇಖನ ಪ್ರಕಟಿಸಿದರು. ತಿಂಗಳಿಗೆ ಎಪ್ಪತ್ತು ಡಾಲರಿಗೂ ಮೇಲ್ಪಟ್ಟು ಕೊಟ್ಟ ಸದಸ್ಯರು ತಿಂಗಳಿಗೆ ಸರಾಸರಿ ನಾಲ್ಕೈದು ಸಲ ಮಾತ್ರ ಹೋಗುತ್ತಿದ್ದರು. ಲೆಕ್ಕ ಹಾಕಿದರೆ ಒಂದು ಸಲಕ್ಕೆ ಹದಿನೇಳು ಡಾಲರಿಗಿಂತ ಹೆಚ್ಚು ಬಿದ್ದಿತ್ತು. ಹತ್ತು ಸಲದ ಚೀಟಿಯನ್ನು ಕೊಂಡಿದ್ದರೆ ಸಲಕ್ಕೆ ಹತ್ತೇ ಡಾಲರಿನಲ್ಲಿ ಮುಗಿಯುತ್ತಿತ್ತು. ಇದನ್ನು ತಿಳಿಯಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ದಾವಣಗೆರೆಯ ಖಾನಾವಳಿಗಳಲ್ಲಿ ತಿಂಗಳ ಊಟಕ್ಕೆ ಹಣ ಕಟ್ಟಿದ ಕಾಲೇಜು ಹುಡುಗರನ್ನು ಕೇಳಿದರೆ ಸಾಕು. ಶನಿವಾರ ಊರಿಗೆ ಹೋದದ್ದು, ಗೆಳೆಯರೊಡನೆ ಬೆಣ್ಣೆದೋಸೆ ತಿಂದು ಹಸಿವಿಲ್ಲದಾದದ್ದು, ಮನೆಯಿಂದ ಬುತ್ತಿ ಬಂದದ್ದು, ಎಲ್ಲವೂ ಅವರ ಲೆಕ್ಕದಲ್ಲಿ ಅಪವಾದಗಳು. ತಿಂಗಳ ಕೊನೆಗೆ ನೋಡಿದರೆ ಅಪವಾದಗಳೇ ಕಾಲು ತಿಂಗಳನ್ನು ತಿಂದಿರುತ್ತವೆ.

ಹಾಗೆಂದು ಪಾಸುಗಳೆಲ್ಲ ಮೋಸವೆಂದು ನಾನು ಹೇಳಲಾರೆ. ಅದೇ ಸಂಜೆ, ಅದೇ ಕಾಗದದ ಹಿಂಬದಿಯಲ್ಲಿ ಇನ್ನೊಂದು ಪಾಸಿನ ಲೆಕ್ಕವನ್ನೂ ಹಾಕಿದೆವು. 2025ರ ಆಗಸ್ಟ್ 15ರಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಸ್ವಂತದ ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸು ಜಾರಿಗೆ ಬಂದಿತು. ಆರಂಭದ ಬೆಲೆ 3,000 ರೂಪಾಯಿ; ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲು ಮುಗಿಯುವುದೋ ಅಲ್ಲಿಯವರೆಗೆ. ನಮ್ಮ ಹೆದ್ದಾರಿಯಲ್ಲಿ ಹೆಬ್ಬಾಳು, ಗುಯಿಲಾಳುಗಳಂಥ ಟೋಲ್ ಗೇಟುಗಳನ್ನು ಒಂದು ಸಲ ದಾಟಿದರೆ ಒಂದು ಲೆಕ್ಕ. ಬೆಂಗಳೂರಿನ ದಾರಿಯಲ್ಲಿ ಐದು ಗೇಟುಗಳು, ಒಂದೊಂದಕ್ಕೆ ಸರಾಸರಿ 80 ರೂಪಾಯಿ ಎಂದು ಹಿಡಿದರೆ ಹೋಗಿಬರಲು 800. ನಾಲ್ಕನೆಯ ಪ್ರಯಾಣಕ್ಕೇ ಪಾಸಿನ ಹಣ ಹುಟ್ಟಿ ಇನ್ನೂರು ಮಿಗುತ್ತದೆ. ಮಾವನವರ ಹನ್ನೆರಡು ಪ್ರಯಾಣಗಳಿಗೆ 9,600 ಆಗುತ್ತಿದ್ದಲ್ಲಿ 3,000. ದಾಟಿದ್ದು 120 ಸಲ, ಮಿತಿಯೊಳಗೇ ಇದೆ. ರಾಜ್ಯ ಹೆದ್ದಾರಿಗಳ ಟೋಲಿಗೆ ಅದು ನಡೆಯದು, ಬೇರೆ ವಾಹನಕ್ಕೆ ವರ್ಗವಾಗದು. ಈ ಸಂಸಾರಕ್ಕೆ ಎರಡೂ ಅಡ್ಡಿಯಲ್ಲ.

ಎರಡು ಪಾಸುಗಳ ನಡುವಿನ ಅಂತರವೇನು? ಎರಡರಲ್ಲಿಯೂ ಭಾಗಾಕಾರ ಒಂದೇ. ಆದರೆ ಒಂದರಲ್ಲಿ ಹನ್ನೆರಡು ಪ್ರಯಾಣಗಳೂ ಪಾಸಿಗೆ ಮೊದಲೇ ಇದ್ದವು. ಪಾಸು ಅವುಗಳ ಹಣವನ್ನು ಇಳಿಸಿತು. ಇನ್ನೊಂದರಲ್ಲಿ ಪ್ರಯಾಣಗಳು ಪಾಸಿನ ಹೊಟ್ಟೆಯಿಂದ ಹುಟ್ಟಬೇಕಾಗಿತ್ತು. ಆದ್ದರಿಂದ ಪಾಸಿನ ಬೆಲೆಯನ್ನು ಟಿಕೇಟಿನ ಬೆಲೆಯಿಂದ ಭಾಗಿಸಿ, ಇಷ್ಟು ಸಲ ಹೋದರೆ ಸಾಕೆಂದು ನಿಲ್ಲುವುದು ಅರ್ಧ ಲೆಕ್ಕ. ಕಳೆದ ವರ್ಷ ಪಾಸಿಲ್ಲದೆ ಎಷ್ಟು ಸಲ ಹೋಗಿದ್ದೆವೆಂದು ಕ್ಯಾಲೆಂಡರನ್ನು ಕೇಳಿದರೆ ಉಳಿದರ್ಧ ಸಿಗುತ್ತದೆ. ಆ ಸಂಸಾರದ ಉತ್ತರ ಸೊನ್ನೆಯಾಗಿತ್ತು.

ಈ ಸೊನ್ನೆಯನ್ನು ಕೇಳಿ ಹುಡುಗಿ ಒಂದು ಮಾತನ್ನಾಡಿದಳು. "ಮಾಮ, ಅದಕ್ಕೇ ಪಾಸು ಬೇಕು ಅನ್ನೋದು. ಪ್ರತಿ ಸಲ ಅಪ್ಪ ಮುಂದಿನ ರಜೆಗೆ ಅಂತಾರೆ. ಹಣ ಕಟ್ಟಿಬಿಟ್ಟರೆ ಹೋಗಲೇಬೇಕಲ್ಲ." ಮೇಷ್ಟರು ತಲೆ ತಗ್ಗಿಸಿದರು. ನನಗೂ ಆ ಮಾತು ನಾಟಿತು. ಮಕ್ಕಳು ಬೇಡಿದ್ದು ರಿಯಾಯಿತಿಯನ್ನಲ್ಲ. ತಂದೆಯ ಮಾತಿಗೆ ಒಂದು ಜಾಮೀನನ್ನು. ವರ್ಷದ ಪಾಸು ಬಹಳ ಮನೆಗಳಲ್ಲಿ ಖರ್ಚಾಗುವುದು ಈ ಕಾರಣಕ್ಕೇ ಎಂದು ನನಗೆ ತೋರುತ್ತದೆ. ಬಿಡುವಿಲ್ಲದ ತಂದೆತಾಯಿಗಳು ತಮ್ಮ ಬಿಡುವನ್ನು ಮುಂಗಡವಾಗಿ ಕೊಳ್ಳುತ್ತಾರೆ. ಆ ಆಸೆ ಹಗುರವಾದದ್ದಲ್ಲ. ಲೆಕ್ಕದ ಕಾಗದದಲ್ಲಿ ಅದಕ್ಕೆ ಸ್ಥಾನವಿಲ್ಲವೆಂದು ತಳ್ಳಿಹಾಕಬಾರದು. ಕೇಳಬೇಕಾದದ್ದು ಇಷ್ಟೇ: ಆ ಜಾಮೀನಿಗೆ ಹದಿನೈದು ಸಾವಿರ ಬೇಕೇ?

ಬೇಕಾಗಲಿಲ್ಲ. ತಂಗಿಯೇ ದಾರಿ ಹುಡುಕಿದಳು. ಮಾವನವರನ್ನು ಬೆಂಗಳೂರಿಗೆ ಕರೆದೊಯ್ಯುವುದು ಹೇಗಿದ್ದರೂ ಇದ್ದದ್ದೇ. ಅಕ್ಟೋಬರಿನ ಸರದಿಯನ್ನು ದಸರೆಯ ರಜೆಗೆ ಹೊಂದಿಸಿ ಮಕ್ಕಳನ್ನೂ ಕೂರಿಸಿಕೊಂಡರೆ ಆಯಿತು. ವೈದ್ಯರನ್ನು ಕಂಡ ಮರುದಿನ ಮಾವನವರು ರಾಜಾಜಿನಗರದ ಮಗಳ ಮನೆಯಲ್ಲಿ ವಿಶ್ರಮಿಸಬಹುದು, ಉಳಿದ ನಾಲ್ವರು ಉದ್ಯಾನಕ್ಕೆ ಹೋಗಬಹುದು. ಊರಿನಿಂದ ಬೆಂಗಳೂರಿಗೆ ಪೆಟ್ರೋಲು, ಟೋಲು, ತಂಗುವ ಖರ್ಚು ಮೂರೂ ಲೆಕ್ಕದಿಂದ ಬಿದ್ದುಹೋದವು. ಟಿಕೇಟಿಗೆ 6,000, ಊಟಕ್ಕೆ 1,500, ಬೆಂಗಳೂರಿನಿಂದ ಆಚೆಯ ದಾರಿಗೆ ಇನ್ನೈನೂರು, ಒಟ್ಟು 8,000. ಹದಿನಾಲ್ಕು ಸಾವಿರದ ಏಳುನೂರಕ್ಕೆ ಹೋಲಿಸಿದರೆ ಉಳಿದದ್ದು 6,700. ಯಾವ ಪಾಸೂ ಆ ಸಂಸಾರಕ್ಕೆ ಇಷ್ಟನ್ನು ಉಳಿಸಿಕೊಡುತ್ತಿರಲಿಲ್ಲ. ಮೇಷ್ಟರು ಎದ್ದು ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಕೆಂಪು ಶಾಯಿಯಿಂದ ಸುತ್ತು ಹಾಕಿ, ಕೆಳಗೆ ರುಜುವನ್ನೂ ಮಾಡಿದರು. ಮಗಳು ಹಾಗೆ ಮಾಡಿಸಿದಳು.

ಅಕ್ಟೋಬರಿನಲ್ಲಿ ಅವರು ಹೋಗಿಬಂದರು. ಇನ್ನುಳಿದ ಭಾನುವಾರಗಳಿಗೆ ಕುಂದವಾಡ ಕೆರೆಯ ಏರಿಯಿದೆ. ಹದಿನಾಲ್ಕು ಕಿಲೋಮೀಟರು ನಡೆದರೆ ಹರಿಹರದಲ್ಲಿ ತುಂಗಭದ್ರೆಯ ದಂಡೆಯೂ, ಹದಿಮೂರನೆಯ ಶತಮಾನದ ಹರಿಹರೇಶ್ವರನ ಗುಡಿಯೂ ಇವೆ. ಅಲ್ಲಿಗೆ ಹೋಗಲು ಬೇಕಾದದ್ದು ಪಾಸಲ್ಲ, ಬಿಡುವು. ಅದನ್ನು ಮಾತ್ರ ಯಾರೂ ವರ್ಷಕ್ಕಾಗುವಷ್ಟು ಒಟ್ಟಿಗೆ ಮಾರುವುದಿಲ್ಲ. ಕ್ಯಾಲೆಂಡರಿನಲ್ಲಿ ಒಂದೊಂದೇ ಸುತ್ತು ಹಾಕಿ ಮನೆಯವರೇ ಸಂಪಾದಿಸಿಕೊಳ್ಳಬೇಕು.