ಕಲ್ಲಿನ ಮಡಿಕೆಯ ಮೂಲಕ ಸೈಕಲ್ ಪ್ರಯಾಣ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಯೂಟಾ ಪ್ರಾಂತದ ದಕ್ಷಿಣ ಭಾಗದಲ್ಲಿ 24ನೆಯ ಸಂಖ್ಯೆಯ ಹೆದ್ದಾರಿಯೊಂದುಂಟು. ಟೋರಿ ಎಂಬ ಚಿಕ್ಕ ಊರಿನಿಂದ ಹ್ಯಾಂಕ್ಸ್‌ವಿಲ್ ಎಂಬ ಅಷ್ಟೇ ಚಿಕ್ಕ ಊರಿಗೆ ಈ ದಾರಿಯಲ್ಲಿ ಸುಮಾರು 48 ಮೈಲಿ ದೂರ. ಟೋರಿಯು ಸಮುದ್ರಮಟ್ಟದಿಂದ ಸುಮಾರು 6,800 ಅಡಿ ಎತ್ತರದಲ್ಲಿದೆ. ಹ್ಯಾಂಕ್ಸ್‌ವಿಲ್ ಸುಮಾರು 4,300 ಅಡಿ ಎತ್ತರದಲ್ಲಿದೆ. ಆದುದರಿಂದ ಸೈಕಲ್ ಸವಾರನಿಗೆ ಒಟ್ಟಿನಲ್ಲಿ ಇದು ಇಳಿಜಾರಿನ ಹಾದಿ. ಬಾವಿ ತೋಡುವವನು ಆಳಕ್ಕೆ ಇಳಿದಷ್ಟೂ ಹೆಚ್ಚು ಹಳೆಯ ಪದರವನ್ನು ಮುಟ್ಟುವನೆಂಬುದನ್ನು ವಾಚಕರು ಬಲ್ಲರು. ಈ ದಾರಿಯಲ್ಲಾದರೋ ಸಂಗತಿ ತಲೆಕೆಳಗು. ಕೆಳಕ್ಕೆ ಇಳಿದಂತೆಲ್ಲ ಅಕ್ಕಪಕ್ಕದ ಬಂಡೆಗಳು ಹೊಸ ಹೊಸ ಕಾಲದವಾಗುತ್ತ ಹೋಗುತ್ತವೆ.

ಇದಕ್ಕೆ ಕಾರಣ ದಾರಿಗೆ ಅಡ್ಡಲಾಗಿ, ಉತ್ತರ ದಕ್ಷಿಣವಾಗಿ, ಸುಮಾರು 100 ಮೈಲಿ ಉದ್ದಕ್ಕೂ ಮಲಗಿರುವ 'ವಾಟರ್‌ಪಾಕೆಟ್ ಫೋಲ್ಡ್' ಎಂಬ ಕಲ್ಲಿನ ಮಡಿಕೆ. ಜಗುಲಿಯ ಮೇಲಿಂದ ಅಂಗಳದವರೆಗೆ ನಾಲ್ಕಾರು ಕಂಬಳಿಗಳನ್ನು ಒಂದರ ಮೇಲೊಂದು ಹಾಸಿದೆವೆಂದು ಭಾವಿಸೋಣ. ಜಗುಲಿಯ ಅಂಚಿನಲ್ಲಿ ಅವೆಲ್ಲವೂ ಒಟ್ಟಿಗೆ ಬಾಗಿ ಅಂಗಳಕ್ಕೆ ಇಳಿಯುತ್ತವೆ. ಈಗ ಹರಿತವಾದ ಕತ್ತಿಯಿಂದ ಮೇಲಿನದನ್ನೆಲ್ಲ ಸವರಿಬಿಟ್ಟರೆ, ಜಗುಲಿಯ ಕಡೆ ಅಡಿಯ ಕಂಬಳಿಯೂ ಅಂಗಳದ ಕಡೆ ಮೇಲಿನ ಕಂಬಳಿಯೂ ಕಾಣುವುವು. ಸುಮಾರು 7 ಕೋಟಿಯಿಂದ 5 ಕೋಟಿ ವರ್ಷಗಳ ಹಿಂದೆ ಭೂಮಿಯ ಒಳಗಿನ ಒತ್ತಡದಿಂದ ಇಲ್ಲಿ ಪಶ್ಚಿಮದ ಸ್ತರಗಳು ಪೂರ್ವದವಕ್ಕಿಂತ 7,000 ಅಡಿಗೂ ಮಿಕ್ಕಿ ಮೇಲೆದ್ದವು. ಸವರುವ ಕೆಲಸವನ್ನು ನೀರು ಮಾಡಿತು, ಇನ್ನೂ ಮಾಡುತ್ತಿದೆ.

ಈ ಮಡಿಕೆಯನ್ನು ಅಡ್ಡಲಾಗಿ ಸೀಳಿ ಹರಿಯುವ ಫ್ರೀಮಾಂಟ್ ನದಿಯ ಕಣಿವೆಯಲ್ಲಿ ಹೆದ್ದಾರಿ ಸಿದ್ಧವಾದುದು 1962ರಲ್ಲಿ. ಅದಕ್ಕೆ ಮುಂಚೆ ಗಾಡಿಗಳೂ ಮೋಟಾರುಗಳೂ 'ಕ್ಯಾಪಿಟಲ್ ಗಾರ್ಜ್' ಎಂಬ ಇಕ್ಕಟ್ಟಾದ ಕಮರಿಯ ಒಣ ಹಳ್ಳದಲ್ಲೇ ಸಾಗಬೇಕಿತ್ತು. ಪ್ರತಿ ಪ್ರವಾಹವೂ ಬಂಡೆಗಳನ್ನು ತಂದು ದಾರಿಯಲ್ಲಿ ಒಟ್ಟುತ್ತಿತ್ತು, ಜನ ಅವನ್ನು ಎತ್ತಿ ಹಾಕುತ್ತಿದ್ದರು. ಈಗ ಈ ಪ್ರದೇಶವೆಲ್ಲ 'ಕ್ಯಾಪಿಟಲ್ ರೀಫ್' ರಾಷ್ಟ್ರೀಯ ಉದ್ಯಾನ.

ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ನಾವು ಮೂವರು ಬೆಳಕು ಹರಿಯುವ ಮುನ್ನವೇ ಟೋರಿಯಿಂದ ಹೊರಟೆವು. ಒಬ್ಬೊಬ್ಬರ ಸೈಕಲ್ಲಿನ ಮೇಲೂ ಆರು ಲೀಟರು ನೀರು. ಇದು ಅತಿಯೆಂದು ತೋರಬಹುದು. ಆದರೆ ಲೆಕ್ಕ ಹಾಕಿ ನೋಡಬೇಕು. ಸಾಧಾರಣ ಸವಾರನು ಪೆಡಲಿಗೆ ಕೊಡುವ ಶಕ್ತಿ ಸುಮಾರು 100 ವಾಟ್. ಸ್ನಾಯುಗಳು ತಾವು ವೆಚ್ಚಮಾಡುವ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನು ಮಾತ್ರ ಕೆಲಸವನ್ನಾಗಿ ಮಾರ್ಪಡಿಸಬಲ್ಲವು. ಉಳಿದ 300 ವಾಟ್ ಶಾಖವಾಗಿ ದೇಹದಲ್ಲಿ ಸೇರುತ್ತದೆ. ಒಂದು ಗ್ರಾಮ್ ಬೆವರು ಚರ್ಮದ ಮೇಲೆ ಆವಿಯಾಗುವಾಗ ಸುಮಾರು 2,400 ಜೂಲ್ ಶಾಖವನ್ನು ಕೊಂಡೊಯ್ಯುವುದು. ಎಂದರೆ, ಆ ಶಾಖವನ್ನೆಲ್ಲ ಬೆವರೇ ಕಳೆಯಬೇಕಾದರೆ ಗಂಟೆಗೆ ಸುಮಾರು ಅರ್ಧ ಲೀಟರು ಬೇಕು. ಮೇಲಿನ ಬಿಸಿಲಿನ ಕಾವು, ಕಾದ ಬಂಡೆಗಳಿಂದ ಹೊಮ್ಮುವ ಕಾವು ಸೇರಿದರೆ ಮಧ್ಯಾಹ್ನದ ವೇಳೆಗೆ ಒಂದು ಲೀಟರಿಗೂ ಏರಬಹುದು. ಮರುಭೂಮಿಯ ಮೋಸವಿರುವುದು ಇಲ್ಲಿ. ಮಂಗಳೂರಿನ ಸೆಕೆಯಲ್ಲಿ ಬೆವರು ಹನಿಹನಿಯಾಗಿ ಇಳಿಯುತ್ತದೆ, ಎಷ್ಟು ಹೋಯಿತೆಂದು ಕಣ್ಣಿಗೆ ಕಾಣುತ್ತದೆ. ಒಣ ಗಾಳಿಯಲ್ಲಿ ಅದು ಹುಟ್ಟಿದೊಡನೆ ಆರಿಹೋಗುವುದರಿಂದ ಸವಾರನು ತಾನು ಬೆವರಿಯೇ ಇಲ್ಲವೆಂದು ತಿಳಿಯುತ್ತಾನೆ. ಅಂಗಿಯ ಮೇಲಿನ ಬಿಳಿಯ ಉಪ್ಪಿನ ಗೆರೆಗಳೇ ಸಾಕ್ಷಿ. ಹೋದ ಉಪ್ಪನ್ನು ತುಂಬದೆ ಬರಿಯ ನೀರನ್ನೇ ವಿಪರೀತವಾಗಿ ಕುಡಿಯುವುದೂ ಅಪಾಯಕರ. ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆ ಸುತ್ತು, ಕೆಲವೊಮ್ಮೆ ಪ್ರಾಣಾಪಾಯವೂ ಒದಗಬಹುದು. ನಮ್ಮ ಚೀಲಗಳಲ್ಲಿ ಉಪ್ಪು ಹಾಕಿ ಹುರಿದ ನೆಲಗಡಲೆ ಧಾರಾಳವಾಗಿತ್ತು.

ಮೊದಲು ಎದುರಾಗುವುದು ಕೆಂಗಂದು ಬಣ್ಣದ ಮೊಯೆನ್‌ಕೋಪಿ ಸ್ತರ, ಸುಮಾರು 24 ಕೋಟಿ ವರ್ಷಗಳಷ್ಟು ಹಳೆಯದು. ಅದರ ತೆಳು ಹಲಗೆಗಳ ಮೇಲೆ ಅಲೆಯ ಗುರುತುಗಳನ್ನು ಬೆರಳಿನಿಂದ ಮುಟ್ಟಿ ನೋಡಬಹುದು. ಅಂದು ಇದು ಕಡಲಂಚಿನ ಕೆಸರು ಬಯಲು. ಅದರ ಮೇಲೆ ಚಿನ್ಲಿ ಸ್ತರ, ಬೂದು, ನೇರಿಳೆ, ಹಸುರು ಬಣ್ಣಗಳದು. ಅದರಲ್ಲಿ ಜ್ವಾಲಾಮುಖಿಯ ಬೂದಿಯೂ ಕಲ್ಲಾದ ಮರಗಳೂ ಉಂಟು. ಅದಕ್ಕೂ ಮೇಲೆ ಗೋಡೆಯಂತೆ ನೆಟ್ಟಗೆ ನಿಂತ ಕೆಂಪು ವಿಂಗೇಟ್ ಮರಳುಗಲ್ಲು.

ಫ್ರೂಟಾ ಎಂಬಲ್ಲಿ ಕಣಿವೆ ಸ್ವಲ್ಪ ಅಗಲವಾಗುತ್ತದೆ. 1880ರ ದಶಕದಲ್ಲಿ ಬಂದ ಮಾರ್ಮನ್ ಮತದ ಒಕ್ಕಲಿಗರು ನೆಟ್ಟು ಬೆಳೆಸಿದ ಹಣ್ಣಿನ ತೋಟಗಳನ್ನು ಉದ್ಯಾನದವರು ಇನ್ನೂ ಕಾಪಾಡಿಕೊಂಡು ಬಂದಿದ್ದಾರೆ. ಇಲ್ಲಿ ಸೀಸೆಗಳನ್ನು ಮತ್ತೆ ತುಂಬಿಕೊಂಡೆವು, ಏಕೆಂದರೆ ಮುಂದೆ ಹ್ಯಾಂಕ್ಸ್‌ವಿಲ್‌ವರೆಗಿನ 37 ಮೈಲಿಗಳಲ್ಲಿ ಕುಡಿಯುವ ನೀರನ್ನು ನಂಬುವಂತಿಲ್ಲ. ನದಿಯೇನೋ ಪಕ್ಕದಲ್ಲೇ ಇದೆ, ಆದರೆ ಅದರ ನೀರು ಮಣ್ಣಿನ ಬಣ್ಣದ್ದು.

ತುಸು ಮುಂದೆ ವಿಂಗೇಟ್ ಗೋಡೆಯ ಮೇಲೆ ಅಗಲವಾದ ಭುಜಗಳ ಮನುಷ್ಯಾಕೃತಿಗಳೂ ಕೊಂಬಿನ ಕುರಿಗಳೂ ಕೊರೆದಿವೆ. ಇವು ಫ್ರೀಮಾಂಟ್ ಸಂಸ್ಕೃತಿಯ ಜನರ ಕೆಲಸ, ಸುಮಾರು ಕ್ರಿ.ಶ. 300ರಿಂದ 1300ರವರೆಗೆ ಅವರು ಇಲ್ಲಿ ಬಾಳಿದರು. ನದಿಯ ಹೆಸರನ್ನೇ ಅವರಿಗೆ ಕೊಟ್ಟವರು 1931ರಲ್ಲಿ ನೋಯೆಲ್ ಮಾರ್ಸ್ ಎಂಬ ಸಂಶೋಧಕರು. ಚಿತ್ರ ಮೂಡಿರುವ ರೀತಿ ಗಮನಾರ್ಹ. ಮರುಭೂಮಿಯ ಬಂಡೆಗಳ ಮೈಮೇಲೆ ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳ ಕಪ್ಪು ಮೆರುಗೊಂದು ಸಾವಿರಾರು ವರ್ಷಗಳಲ್ಲಿ ಕೂಡುತ್ತದೆ. ಆ ತೆಳುಪೊರೆಯನ್ನು ಕಲ್ಲಿನಿಂದ ಕುಟ್ಟಿ ತೆಗೆದರೆ ಒಳಗಿನ ಕೆಂಪು ಕಾಣುತ್ತದೆ. ಬಣ್ಣ ಬಳಿಯುವ ಅಗತ್ಯವೇ ಇಲ್ಲ.

ಇಲ್ಲಿಂದ ಮುಂದೆ ದಾರಿ ನವಾಹೋ ಮರಳುಗಲ್ಲಿನ ನಡುವೆ ಹೊಗುತ್ತದೆ. ಸಾವಿರ ಅಡಿಯ ಆಸುಪಾಸು ದಪ್ಪನಾದ ಈ ಬಿಳಿಯ ಕಲ್ಲು ಗುಮ್ಮಟಗಳ ಆಕಾರ ತಾಳಿದೆ. ವಾಷಿಂಗ್ಟನ್ನಿನ ಸಂಸತ್ ಭವನದ ಗುಮ್ಮಟವನ್ನು ನೆನಪಿಗೆ ತಂದುದರಿಂದಲೇ 'ಕ್ಯಾಪಿಟಲ್' ಎಂಬ ಹೆಸರು. ಗೋಡೆಗಳ ಮೇಲೆ ಓರೆಯಾಗಿ ಬಾಗಿದ ಗೆರೆಗಳ ಕಟ್ಟುಗಳು ಒಂದನ್ನೊಂದು ಕತ್ತರಿಸುತ್ತ ಹೋಗಿವೆ. ಇವು ಗಾಳಿಯಲ್ಲಿ ಸರಿದಾಡುತ್ತಿದ್ದ ಮರಳುದಿಬ್ಬಗಳ ಜಾರುಮುಖಗಳು. 19 ಕೋಟಿ ವರ್ಷಗಳ ಹಿಂದೆ ಯಾವ ದಿಕ್ಕಿನಿಂದ ಗಾಳಿ ಬೀಸುತ್ತಿತ್ತೆಂಬುದನ್ನು ಗೆರೆಗಳ ಓರೆಯಿಂದಲೇ ಹೇಳಬಹುದಾಗಿದೆ. ಮರಳು ಬಂದುದೆಲ್ಲಿಂದ? ಮರಳಿನೊಳಗಿನ ಜಿರ್ಕಾನ್ ಹರಳುಗಳ ವಯಸ್ಸನ್ನು ಅಳೆದ ವಿಜ್ಞಾನಿಗಳು, ಅದರ ದೊಡ್ಡ ಪಾಲು ಖಂಡದ ಇನ್ನೊಂದು ಅಂಚಿನ ಅಪ್ಪಲೇಚಿಯನ್ ಪರ್ವತಗಳು ಸವೆದು ನದಿಗಳ ಮೂಲಕ ಬಂದುದೆಂದು ಕಂಡುಕೊಂಡಿದ್ದಾರೆ. ನಮಗೆ ಆ ದಿನ ಕಂಡ ಸೋಜಿಗಗಳಲ್ಲಿ ಇದಕ್ಕೇ ಮೊದಲ ಸ್ಥಾನ.

'ಗ್ರ್ಯಾಂಡ್ ವಾಶ್' ಎಂಬ ಕಮರಿಯ ಬಾಯಿ ಹೆದ್ದಾರಿಗೇ ತೆರೆದಿದೆ. ಸೈಕಲ್ಲುಗಳನ್ನು ಬಿಟ್ಟು, ನೂರಾರು ಅಡಿ ಎತ್ತರದ ಗೋಡೆಗಳ ನಡುವಣ ಒಣ ಮರಳಿನಲ್ಲಿ ಒಂದು ಗಂಟೆ ನಡೆದು ಬರುವುದೆಂದು ನಿಶ್ಚಯಿಸಿದ್ದೆವು. ನಮ್ಮ ತಲೆಯ ಮೇಲೆ ಆಕಾಶ ನಿರ್ಮಲ. ಆದರೆ ಪಶ್ಚಿಮದ ಎತ್ತರದ ಮೇಲೆ ಹೂಕೋಸಿನಂತೆ ಉಬ್ಬಿದ ಮೋಡವೊಂದು ಅಡಿಯಲ್ಲಿ ಕಪ್ಪಾಗುತ್ತಿತ್ತು. ಬೋಳುಬಂಡೆಯ ಮೇಲೆ ಬಿದ್ದ ಮಳೆಯನ್ನು ಹೀರಲು ಮಣ್ಣಿಲ್ಲ, ತಡೆಯಲು ಹುಲ್ಲಿಲ್ಲ. ಹಲವು ಮೈಲಿಗಳ ವಿಸ್ತಾರದ ನೀರು ನಿಮಿಷಗಳಲ್ಲಿ ಇಪ್ಪತ್ತಡಿ ಅಗಲದ ಸಂದಿಗೆ ನುಗ್ಗುತ್ತದೆ; ಒಳಗಿದ್ದವನಿಗೆ ಒಂದು ಹನಿಯ ಮುನ್ಸೂಚನೆಯೂ ಇರುವುದಿಲ್ಲ. 2022ರ ಜೂನ್ ತಿಂಗಳಲ್ಲಿ ಈ ಉದ್ಯಾನದಲ್ಲಿ ಹೀಗೆಯೇ ಬಂದ ಪ್ರವಾಹವು ಮೋಟಾರುಗಳನ್ನು ಕೊಚ್ಚಿತು, ಅನೇಕ ಪ್ರವಾಸಿಗರು ಸಿಕ್ಕಿಬಿದ್ದರು. ನಮ್ಮಲ್ಲಿ ಕಿರಿಯನಾದವನಿಗೆ ಒಳಗೆ ಹೋಗುವ ಹಂಬಲ ಬಹಳವಿತ್ತು. ಗೋಡೆಯ ಮೇಲೆ ಆಳೆತ್ತರದಲ್ಲಿ ಸಿಕ್ಕಿಕೊಂಡಿದ್ದ ಮರದ ದಿಮ್ಮಿಯನ್ನು ತೋರಿಸಿದ ಮೇಲೆ ಸುಮ್ಮನಾದನು. ಹೊರಗೇ ಕುಳಿತು ಬುತ್ತಿ ಬಿಚ್ಚಿದೆವು. ನಾವು ಅಲ್ಲಿದ್ದಷ್ಟು ಹೊತ್ತು ಕಮರಿಯಿಂದ ಒಂದು ತೊಟ್ಟು ನೀರೂ ಬರಲಿಲ್ಲ.

ಅಲ್ಲಿಂದ ಒಂದೂವರೆ ಮೈಲಿಯಲ್ಲಿ ಒಂದೇ ಕೋಣೆಯ ಕಲ್ಲುಮನೆಯೊಂದಿದೆ. 1880ರ ದಶಕದ ಆದಿಯಲ್ಲಿ ಬೆಹುನಿನ್ ಎಂಬವರ ದೊಡ್ಡ ಸಂಸಾರ ಅದನ್ನು ಕಟ್ಟಿ ಹೊಲ ಮಾಡಿತು; ನದಿಯ ಪ್ರವಾಹ ಹೊಲವನ್ನು ಕೆಡಿಸಿದುದರಿಂದ ಬಹುಬೇಗ ಬಿಟ್ಟುಹೋಗಬೇಕಾಯಿತು.

ಮಡಿಕೆ ದಾಟಿದ ಮೇಲೆ ಬಯಲು. ಹಗಲು ಕಾದ ಇಳಿಜಾರುಗಳ ಮೇಲಿನ ಗಾಳಿ ಹಗುರವಾಗಿ ಮೇಲೇರುವುದರಿಂದ, ಮಧ್ಯಾಹ್ನ ಕಣಿವೆಯ ಕೆಳಗಿನಿಂದ ಮೇಲ್ಮುಖವಾಗಿ ಗಾಳಿ ಬೀಸುತ್ತದೆ. ಇಳಿಜಾರಿನ ಲಾಭವನ್ನೆಲ್ಲ ಆ ಎದುರುಗಾಳಿ ಕಸಿದುಕೊಂಡಿತು. ಸುತ್ತಲೂ ಮ್ಯಾಂಕೋಸ್ ಜೇಡುಗಲ್ಲಿನ ನೀಲಿಬೂದು ದಿಣ್ಣೆಗಳು, ಸುಮಾರು 9 ಕೋಟಿ ವರ್ಷಗಳ ಹಿಂದೆ ಅಮೆರಿಕ ಖಂಡವನ್ನು ಎರಡಾಗಿ ಸೀಳಿದ್ದ ಕಡಲಿನ ಹೂಳು. ಒದ್ದೆಯಾದರೆ ಉಬ್ಬಿ, ಒಣಗಿದರೆ ಬಿರಿಯುವ ಈ ಉಪ್ಪುಮಣ್ಣಿನಲ್ಲಿ ಬೇರು ಊರುವುದು ಕಷ್ಟ. ಮೈಲಿಗಟ್ಟಲೆ ಒಂದು ಪೊದೆಯೂ ಇಲ್ಲ. ಮಂಗಳ ಗ್ರಹದ ಜೀವನವನ್ನು ಅಭ್ಯಾಸ ಮಾಡುವ ಕೇಂದ್ರವೊಂದನ್ನು 2001ರಲ್ಲಿ ಹ್ಯಾಂಕ್ಸ್‌ವಿಲ್ ಸಮೀಪದಲ್ಲೇ ತೆರೆದುದು ಸಹಜವಾಗಿದೆ. ದಕ್ಷಿಣಕ್ಕೆ ಹೆನ್ರಿ ಪರ್ವತಗಳು. ಶಿಲಾರಸವು ಸ್ತರಗಳ ನಡುವೆ ನುಗ್ಗಿ ಮೇಲಿನವನ್ನು ಗುಮ್ಮಟದಂತೆ ಎತ್ತುವುದೆಂಬುದನ್ನು ಜಿ. ಕೆ. ಗಿಲ್ಬರ್ಟ್ 1877ರ ವರದಿಯಲ್ಲಿ ವಿವರಿಸಿದುದು ಇವನ್ನು ನೋಡಿಯೇ.

ಕೇನ್‌ವಿಲ್ ಬಳಿ ರಸ್ತೆಯ ಅಂಚಿಗೆ ಇಳಿದದ್ದೇ ತಡ, ಎರಡು ಸೈಕಲ್ಲುಗಳ ಟಯರುಗಳು ಬುಸ್ಸೆಂದವು. ಬಗ್ಗಿ ನೋಡಿದರೆ ನಮ್ಮ ನಾಡಿನ ನೆಗ್ಗಿಲು ಮುಳ್ಳು! ಹಳೆಯ ಜಗತ್ತಿನಿಂದ ಅಮೆರಿಕಕ್ಕೆ ವಲಸೆ ಹೋದ ಈ ಗಿಡದ ಕಾಯಿ ಒಣಗಿ ಐದು ತುಂಡಾಗುತ್ತದೆ. ತುಂಡು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಲ್ಲುತ್ತದೆ. ಹಿಂದೆ ಪ್ರಾಣಿಗಳ ಪಾದ ಅದರ ವಾಹನ, ಈಗ ಟಯರು. ಇದನ್ನು ಹತ್ತಿಕ್ಕಲು 1961ರಲ್ಲಿ ಹೊರದೇಶಗಳಿಂದ ಎರಡು ಬಗೆಯ ಸೊಂಡಿಲುಹುಳುಗಳನ್ನು ತಂದು ಬಿಟ್ಟರು. ಒಂದು ಬೀಜವನ್ನೂ ಇನ್ನೊಂದು ಕಾಂಡವನ್ನೂ ಕೊರೆಯುತ್ತದೆ. ಕೇನ್‌ವಿಲ್‌ಗೆ ಅವುಗಳ ಸೇವೆ ಸಾಲದು. ತೇಪೆ ಹಾಕುವುದರಲ್ಲಿ ಮುಕ್ಕಾಲು ಗಂಟೆ ಕಳೆಯಿತು.

ಕಂಬಳಿಯ ಉಪಮೆ ಹ್ಯಾಂಕ್ಸ್‌ವಿಲ್‌ವರೆಗೆ ನಡೆಯುವುದಿಲ್ಲ. ಊರು ಸಮೀಪಿಸಿದಂತೆ ಸ್ತರಗಳು ಮತ್ತೆ ನಿಧಾನವಾಗಿ ಮೇಲೇಳುವುದರಿಂದ ಡೈನೋಸಾರುಗಳ ಕಾಲದ ಮಾರಿಸನ್ ಸ್ತರ ಬಣ್ಣಬಣ್ಣದ ಗುಡ್ಡಗಳಾಗಿ ಇನ್ನೊಮ್ಮೆ ತಲೆಯೆತ್ತುತ್ತದೆ. ಸಂಜೆ ಊರು ಮುಟ್ಟಿದಾಗ ಫ್ರೂಟಾದಲ್ಲಿ ತುಂಬಿದ ಆರು ಲೀಟರಿನಲ್ಲಿ ಉಳಿದಿದ್ದುದು ಲೋಟದಷ್ಟು.

ಇಲ್ಲಿ ಫ್ರೀಮಾಂಟ್ ನದಿಗೆ ಮಡ್ಡಿ ಕ್ರೀಕ್ ಎಂಬ ಹೊಳೆ ಕೂಡಿ ಡರ್ಟಿ ಡೆವಿಲ್ ಎಂಬ ಹೊಸ ನದಿಯಾಗುತ್ತದೆ. 'ಕೊಳಕು ಪಿಶಾಚಿ' ಎಂಬರ್ಥದ ಈ ಹೆಸರನ್ನಿಟ್ಟುದು 1869ರಲ್ಲಿ ಜಾನ್ ವೆಸ್ಲಿ ಪೊವೆಲ್ಲನ ತಂಡ. ಅಪ್ಪಲೇಚಿಯನ್ ಬೆಟ್ಟಗಳಿಂದ ಬಂದು ದಿಬ್ಬವಾಗಿ, ಕಲ್ಲಾಗಿ, ಈಗ ಪುನಃ ಬಿಡಿಯಾದ ಮರಳು ಆ ಕೆಂಪು ನೀರಿನಲ್ಲಿ ಕೊಲರಾಡೊ ನದಿಯ ಕಡೆಗೆ ಹೋಗುತ್ತದೆ. 1963ರಿಂದ ಗ್ಲೆನ್ ಕಣಿವೆಯ ಅಣೆಕಟ್ಟು ಅದನ್ನು ಪೊವೆಲ್ ಸರೋವರದಲ್ಲಿ ತಡೆದು ನಿಲ್ಲಿಸುತ್ತಿದೆ.