ಸೈಕಲ್ ಸವಾರನಿಗೊಂದು ಮಳೆಗೊಪ್ಪೆ

ಕಾಲ್ನಡಿಗೆಯವನ ಮಳೆಯುಡುಪು ಸೈಕಲ್ ಸವಾರನಿಗೆ ಒಗ್ಗದು. ನಡೆಯುವವನು ನೆಟ್ಟಗಿರುತ್ತಾನೆ, ಸವಾರನಾದರೋ ಮುಂದಕ್ಕೆ ಬಾಗಿ, ತೋಳುಗಳನ್ನು ಚಾಚಿ, ಮೊಣಕಾಲುಗಳನ್ನು ಎಡೆಬಿಡದೆ ಆಡಿಸುತ್ತಿರುತ್ತಾನೆ. ಗುಂಡಿ ಬಿಗಿದ ರಬ್ಬರ್ ಕೋಟಿನೊಳಗೆ ಅರ್ಧ ಗಂಟೆ ತುಳಿದರೆ, ಹೊರಗಿನ ಮಳೆ ಮಾಡಲಾರದುದನ್ನು ಒಳಗಿನ ಬೆವರು ಮಾಡಿ ಮುಗಿಸುತ್ತದೆ. 1823ರಲ್ಲಿ ಚಾರ್ಲ್ಸ್ ಮ್ಯಾಕಿಂತೋಷ್ ಎರಡು ಬಟ್ಟೆಗಳ ನಡುವೆ ರಬ್ಬರನ್ನು ಸೇರಿಸುವ ವಿಧಾನಕ್ಕೆ ಪೇಟೆಂಟ್ ಪಡೆದಂದಿನಿಂದಲೂ ಈ ತೊಡಕು ಇದ್ದೇ ಇದೆ. 1969ರಲ್ಲಿ ರಾಬರ್ಟ್ ಗೋರ್ ಕಂಡುಹಿಡಿದ ಸೂಕ್ಷ್ಮರಂಧ್ರಗಳ ಪೊರೆಯು ಬೆವರಿನ ಆವಿಯನ್ನು ಹೊರಬಿಡುವುದಾದರೂ, ಹಳ್ಳಿಯಿಂದ ಸೈಕಲ್ ತುಳಿದು ಶಾಲೆಗೆ ಬರುವ ಹುಡುಗನಿಗೆ ಅದರ ಬೆಲೆ ನಿಲುಕುವಂತಹುದಲ್ಲ. ಆಷಾಢದಲ್ಲಿ ಅವನ ಮೈಯಷ್ಟೇ ಅಲ್ಲ, ಪುಸ್ತಕಗಳೂ ನೆನೆಯುತ್ತವೆ.

ಪರಿಹಾರವು ನಮ್ಮ ರೈತರ ಕಂಬಳಿಕೊಪ್ಪೆಯಲ್ಲಿಯೇ ಇದೆ. ತೋಳಿಲ್ಲದೆ, ಕೆಳಗೆ ತೆರೆದು, ಗಾಳಿಯಾಡುವ ಆ ರೂಪವನ್ನು ಉಳಿಸಿಕೊಂಡು, ನೀರು ಕುಡಿದು ಭಾರವಾಗುವ ಉಣ್ಣೆಗೆ ಬದಲಾಗಿ ಲೇಪವುಳ್ಳ ನೈಲಾನನ್ನು ಬಳಸಿದರಾಯಿತು. (‘ಕೊಪ್ಪೆ’ ಎಂಬ ಸೊಗಸಾದ ಮಾತಿರುವಾಗ ಇದನ್ನು ‘ಮಳೆಯಂಗಿ’ ಎಂದು ಕರೆಯಲು ನನಗೆ ಮನಸ್ಸಾಗದು, ಅಂಗಿಗೆ ತೋಳಿರಬೇಕಷ್ಟೆ.)

ಒಂದೂವರೆ ಮೀಟರ್ ಪನ್ನದ ಬಟ್ಟೆ ಎರಡೂವರೆ ಮೀಟರ್ ಸಾಕು. ಚದರ ಮೀಟರಿಗೆ 70 ಗ್ರಾಂ ತೂಗುವ ಬಟ್ಟೆಯಾದರೆ ಕುಲಾವಿ ಸಹಿತ ಕೊಪ್ಪೆಯು ಕಾಲು ಕಿಲೋ ಆದೀತು. ಕೊಳ್ಳುವಾಗ ಬಟ್ಟೆಯನ್ನು ಬಾಯಿಗೊತ್ತಿ ಊದಿ ನೋಡತಕ್ಕದ್ದು. ಉಸಿರು ಹಾಯ್ದರೆ ನೀರೂ ಹಾಯುತ್ತದೆ.

ಮೈಭಾಗವನ್ನು ಎರಡು ಮೀಟರಿನ ಒಂದೇ ತುಂಡಿನಲ್ಲಿ ಕತ್ತರಿಸಬೇಕು. ಹೆಗಲ ಮೇಲೆ ಹೊಲಿಗೆ ಬಂದರೆ ಅಲ್ಲಿಯೇ ಸೋರುತ್ತದೆ. ವಯಸ್ಕನಿಗೆ ಕೊರಳಿನಿಂದ ಹಿಂದಕ್ಕೆ ಸುಮಾರು 85 ಸೆಂಟಿಮೀಟರ್ ಬಿಟ್ಟು, ಉಳಿದುದೆಲ್ಲ ಮುಂದಕ್ಕೆ, ಹ್ಯಾಂಡಲ್ಲಿನ ಮೇಲೆ ಇಳಿಬೀಳುವಂತೆ ಇರಲಿ. ಸವಾರನನ್ನು ಸೈಕಲ್ಲಿನ ಮೇಲೆ ಕೂರಿಸಿಯೇ ಅಳೆಯುವುದು ಲೇಸು. ಲೇಪದ ಮಗ್ಗುಲು ಒಳಗಿರಲಿ. ಗುಂಡುಸೂಜಿಯನ್ನು ಅಂಚಿನಲ್ಲಲ್ಲದೆ ಬೇರೆಲ್ಲಿಯೂ ಚುಚ್ಚಬಾರದು; ಈ ಬಟ್ಟೆಯಲ್ಲಿ ಬಿದ್ದ ತೂತು ಮುಚ್ಚಿಕೊಳ್ಳುವುದಿಲ್ಲ. ಪಾಲಿಯೆಸ್ಟರ್ ನೂಲಿನಿಂದ ಮೂರು ಮಿಲಿಮೀಟರ್ ಅಂತರದ ಹೊಲಿಗೆ ಹಾಕಿ, ಅಂಚನ್ನು ಮಡಿಸಿ ಮತ್ತೊಮ್ಮೆ ಹೊಲಿಯಬೇಕು. ಬಳಿಕ ಹೊಲಿಗೆಯ ಉದ್ದಕ್ಕೂ ಅಂಟು ಸವರಬೇಕು: ಸಿಲಿಕೋನ್ ಲೇಪಕ್ಕೆ ಸಿಲಿಕೋನ್, ಪಾಲಿಯುರೆಥೇನ್ ಲೇಪಕ್ಕೆ ಅದರದೇ ಅಂಟು. ಇವನ್ನು ಅದಲುಬದಲು ಮಾಡಿದರೆ ಹಿಡಿಯದು.

ಇನ್ನು ಅಪಾಯದ ಮಾತು. ಸಡಿಲ ಬಟ್ಟೆ ಚಕ್ರಕ್ಕೆ ಸಿಲುಕಿದರೆ ಸವಾರ ನೆಲಕ್ಕುರುಳುತ್ತಾನೆ. ಆದಕಾರಣ ಹಿಂಬದಿಯ ಅಂಚು ಚಕ್ರಕ್ಕಿಂತ ಗೇಣು ಮೇಲಿರಬೇಕು; ಒಳಗೆ ಸೊಂಟಕ್ಕೆ ಕಟ್ಟುವ ಲಾಡಿಯಿರಬೇಕು. ಮುಂದಿನ ಅಂಚಿನಲ್ಲಿ ಹೆಬ್ಬೆರಳಿಗೆ ಎಲಾಸ್ಟಿಕ್ ಕುಣಿಕೆಗಳಿರಲಿ, ಆದರೆ ಕೈ ತಟ್ಟನೆ ಬಿಡಿಸಿಕೊಳ್ಳುವಷ್ಟು ಸಡಿಲವಾಗಿರಲಿ. ಕುಲಾವಿ ಅಗಲವಾದರೆ ಪಕ್ಕದ ಲಾರಿ ಕಾಣದು. ಕೊಪ್ಪೆಯೊಳಗಿನಿಂದ ಮಾಡಿದ ಕೈಸನ್ನೆಯೂ ಹಿಂದಿನವರಿಗೆ ಕಾಣದು. ಹ್ಯಾಂಡಲ್ಲಿನ ದೀಪವೂ ಮರೆಯಾದೀತು. ಹಳದಿ ಬಣ್ಣ, ಬೆನ್ನಿಗೊಂದು ಪ್ರತಿಫಲಿಸುವ ಪಟ್ಟಿ ಅವಶ್ಯ. ಬಿರುಗಾಳಿಯಲ್ಲಂತೂ ಇಳಿದು ತಳ್ಳಿಕೊಂಡು ಹೋಗುವುದೇ ಸರಿ.

ಬಳಸಿದ ಮೇಲೆ ನೆರಳಿನಲ್ಲಿ ಆರಹಾಕಬೇಕು. ಒದ್ದೆಯಾಗಿ ಮಡಿಸಿಟ್ಟರೆ ಬೂಷ್ಟು ಹಿಡಿಯುತ್ತದೆ. ಇಸ್ತ್ರಿಯನ್ನಂತೂ ಸೋಕಿಸಲೇ ಕೂಡದು.