ಹಿಡಿಯಲು 1,275 ರೂಪಾಯಿ, ಬಿಡಿಸಲು 6 ರೂಪಾಯಿ

ಸರಕಾರದ ಬಜೆಟ್ ಬಂದಾಗ ನಾವು ಅಕ್ಕಿ, ಕರೆಂಟು, ಬಸ್ಸು, ವಿದ್ಯಾರ್ಥಿವೇತನದ ಲೆಕ್ಕ ನೋಡ್ತೇವೆ. ಜೈಲಿನ ಲೆಕ್ಕ ಯಾರೂ ನೋಡುವುದಿಲ್ಲ. ಅದು ನಮಗೆ ಸಂಬಂಧಪಟ್ಟದ್ದಲ್ಲ ಅಂತ ಒಂದು ಭಾವನೆ. ಆದರೆ ಸಂವಿಧಾನದ ಪ್ರಕಾರ ಪೊಲೀಸ್ ಮತ್ತು ಜೈಲು ಎರಡೂ ರಾಜ್ಯ ಸರಕಾರದ ವಿಷಯಗಳು. ನಾವು ಅಂಗಡಿಯಲ್ಲಿ ಸಾಮಾನು ತೆಗೆದುಕೊಳ್ಳುವಾಗ ಕೊಡುವ ತೆರಿಗೆಯೂ ಆ ಖರ್ಚಿಗೆ ಸೇರ್ತದೆ.

2025ರ ಇಂಡಿಯಾ ಜಸ್ಟಿಸ್ ರಿಪೋರ್ಟ್ ಈ ಖರ್ಚನ್ನು ತಲೆಗೆ ಇಷ್ಟು ಅಂತ ಲೆಕ್ಕ ಹಾಕಿದೆ. ದೇಶದ ಸರಾಸರಿಯಲ್ಲಿ ಒಬ್ಬ ಪ್ರಜೆಗೆ ವರ್ಷಕ್ಕೆ ಪೊಲೀಸ್ ಇಲಾಖೆಗೆ 1,275 ರೂಪಾಯಿ, ನ್ಯಾಯಾಲಯಗಳಿಗೆ 182, ಜೈಲುಗಳಿಗೆ 57. ಬಡವರಿಗೆ ವಕೀಲರನ್ನು ಕೊಡುವ ಕಾನೂನು ನೆರವಿಗೆ ಸುಮಾರು 6 ರೂಪಾಯಿ. ಒಂದು ಚಹಾದ ಹಣ ಕೂಡ ಅಲ್ಲ. ಅದೇ ವರದಿಯಲ್ಲಿ 18 ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕಕ್ಕೆ ಮೊದಲ ಸ್ಥಾನ. ಸಂತೋಷವೇ. ಆದರೆ ಸಿಕ್ಕಿದ ಅಂಕ 10ರಲ್ಲಿ 6.78. ಇಡೀ ತರಗತಿಗೆ ಅಂಕ ಕಡಿಮೆ ಬಂದರೂ ಒಬ್ಬ ಮೊದಲಿಗ ಇದ್ದೇ ಇರ್ತಾನಲ್ಲ?

ಹಿಡಿಯುವ ಕೈಗೆ ಹೆಚ್ಚು, ಬಿಡಿಸುವ ಕೈಗೆ ಕಡಿಮೆ ಕೊಟ್ಟರೆ ಜೈಲು ತುಂಬುವುದು ಸಹಜ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿ 4,36,266 ಮಂದಿಗೆ ಜಾಗ ಇತ್ತು, ಒಳಗಿದ್ದವರು 5,73,220. ಇವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು ಮಂದಿಯ ವಿಷಯದಲ್ಲಿ ಕೋರ್ಟು ಇನ್ನೂ ತೀರ್ಪು ಹೇಳಿರಲಿಲ್ಲ. ಮಂಗಳೂರಿನ ಕೊಡಿಯಾಲ್‌ಬೈಲ್ ಜೈಲಿನ ಇಕ್ಕಟ್ಟು ನಮಗೆ ಗೊತ್ತಿರುವುದೇ. ಮುಡಿಪಿನ ಹೊಸ ಜೈಲಿನ ಮಾತು ಕೇಳಿ ಕೇಳಿ ವರ್ಷಗಳಾದವು. ಹೊಸ ಗೋಡೆ ಬೇಕು, ಸರಿ. ಆದರೆ ಒಳಗೆ ಇರಬೇಕಾಗಿಲ್ಲದವರನ್ನು ಹೊರಗೆ ಕಳಿಸಿದರೆ ಹಳೆ ಗೋಡೆಯೊಳಗೂ ಸ್ವಲ್ಪ ಜಾಗ ಆಗ್ತದೆ.

ಇವರೆಲ್ಲರಿಗೂ ಜಾಮೀನು ಸಿಗಬೇಕು ಅಂತ ನಾವು ಹೇಳುವುದಿಲ್ಲ. ಗಂಭೀರ ಪ್ರಕರಣಗಳೂ ಉಂಟು. ಹೇಳಬೇಕಾದದ್ದು ಜಾಮೀನು ಮಂಜೂರಾದ ಮೇಲೂ ಒಳಗೇ ಉಳಿಯುವವರ ಬಗ್ಗೆ. ಆದೇಶ ಕೈಗೆ ಬಂದಿರ್ತದೆ, ಆದರೆ ಶ್ಯೂರಿಟಿಗೆ ನಿಲ್ಲಲು ಪಹಣಿ ಇರುವವರು ಸಿಗುವುದಿಲ್ಲ. ಬಾಡಿಗೆ ಮನೆಯಲ್ಲಿರುವವರಿಗೆ ಯಾರು ನಿಲ್ತಾರೆ? 1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ ಇದೇ ಕಷ್ಟ ಬಂದಿತ್ತು. 10,000 ರೂಪಾಯಿಯ ಶ್ಯೂರಿಟಿ ಕೇಳಿದ್ದರು. ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಅದನ್ನೂ ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ ಆ ಮೊತ್ತವನ್ನು 1,000ಕ್ಕೆ ಇಳಿಸಿತು. ತೀರ್ಪು ಬರೆದವರು ನ್ಯಾಯಮೂರ್ತಿ ಕೃಷ್ಣ ಅಯ್ಯರ್. ನಲ್ವತ್ತು ವರ್ಷ ದಾಟಿದರೂ ಈ ಸಮಸ್ಯೆ ಮುಗಿದಿಲ್ಲ.

ಹೀಗೆ ಒಬ್ಬ ಒಳಗೆ ಉಳಿದರೆ ನಷ್ಟ ಎರಡು ಕಡೆ. ಅವನ ಊಟ, ಕಾವಲು, ಔಷಧಿಯ ಖರ್ಚು ಸರಕಾರಕ್ಕೆ. ಇತ್ತ ದುಡಿಯುವ ಕೈ ಇಲ್ಲದೆ ಮನೆಯ ಬಾಡಿಗೆ ನಿಲ್ತದೆ, ಮಕ್ಕಳ ಫೀಸು ನಿಲ್ತದೆ, ಉಮ್ಮನ ಬಂಗಾರ ಅಡವಿಗೆ ಹೋಗ್ತದೆ. ಈ ಎರಡನೇ ಲೆಕ್ಕ ಯಾವ ಬಜೆಟ್ ಪುಸ್ತಕದಲ್ಲೂ ಇಲ್ಲ.

ಇರುವ ಆ 6 ರೂಪಾಯಿಯ ವ್ಯವಸ್ಥೆಯನ್ನಾದರೂ ನಾವು ಬಳಸುತ್ತೇವಾ? ಕೆಲವು ವಿಷಯ ಪ್ರತಿ ಮನೆಗೂ ಗೊತ್ತಿರಬೇಕು.

ಒಂದು, ಬಂಧನದಲ್ಲಿರುವ ಯಾರೇ ಆಗಲಿ, ಆದಾಯ ಎಷ್ಟೇ ಇರಲಿ, 1987ರ ಕಾಯ್ದೆಯಂತೆ ಉಚಿತ ವಕೀಲರಿಗೆ ಅರ್ಹರು. ಹೆಂಗಸರಿಗೂ ಮಕ್ಕಳಿಗೂ ಹಾಗೆಯೇ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಬೇಕು, ಅಥವಾ 15100ಕ್ಕೆ ಫೋನ್ ಮಾಡಬೇಕು.

ಎರಡು, ಜಾಮೀನು ಕೊಡಬಹುದಾದ ಅಪರಾಧದಲ್ಲಿ ಬಂಧನವಾಗಿ ವಾರದೊಳಗೆ ಶ್ಯೂರಿಟಿ ಕೊಡಲಾಗದಿದ್ದರೆ, ಅವನು ಬಡವ ಎಂದೇ ಭಾವಿಸಿ ಸ್ವಂತ ಬಾಂಡ್ ಮೇಲೆ ಬಿಡಬೇಕು ಅಂತ ಕಾನೂನು ಹೇಳ್ತದೆ. ಬೇರೆ ಪ್ರಕರಣಗಳಲ್ಲೂ ಜಾಮೀನು ಸಿಕ್ಕಿ ಒಂದು ತಿಂಗಳಾದರೂ ಶ್ಯೂರಿಟಿ ಕೊಡಲು ಆಗದಿದ್ದರೆ, ಷರತ್ತು ಸಡಿಲಿಸುವ ಬಗ್ಗೆ ಕೋರ್ಟು ತಾನಾಗಿಯೇ ಯೋಚಿಸಬಹುದು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ.

ಮೂರು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್. ಹಿಂದೆ ಯಾವ ಅಪರಾಧದಲ್ಲೂ ದೋಷಿ ಎಂದು ತೀರ್ಪಾಗದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದರೆ ಬಿಡುಗಡೆಗೆ ಅರ್ಹ, ಉಳಿದವರಿಗೆ ಅರ್ಧ. ಕೋರ್ಟಿಗೆ ಅರ್ಜಿ ಹಾಕುವ ಹೊಣೆ ಜೈಲಿನ ಸೂಪರಿಂಟೆಂಡೆಂಟರದ್ದೇ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಮತ್ತು ಒಂದಕ್ಕಿಂತ ಹೆಚ್ಚು ಪ್ರಕರಣ ಇರುವವರಿಗೆ ಇದು ಇಲ್ಲ.

ನಾಲ್ಕು, ಬಡ ಕೈದಿಗಳಿಗೆ ನೆರವಿನ ಕೇಂದ್ರ ಯೋಜನೆ. 2023ರ ಮಾರ್ಗಸೂಚಿಯಲ್ಲಿ ಜಾಮೀನಿನ ಹಣಕ್ಕೆ 40,000, ಶಿಕ್ಷೆಯಾದವರ ದಂಡಕ್ಕೆ 25,000 ರೂಪಾಯಿವರೆಗೆ ಅವಕಾಶ ಇಟ್ಟಿದ್ದರು. ಮಾದಕ ವಸ್ತು, ಯುಎಪಿಎಯಂಥ ಪ್ರಕರಣಗಳನ್ನು ಹೊರಗಿಟ್ಟಿದ್ದಾರೆ. ಹಲವು ರಾಜ್ಯಗಳು ಈ ಹಣ ಬಳಸುತ್ತಿಲ್ಲ ಅಂತ ಕೇಂದ್ರ ಗೃಹ ಸಚಿವಾಲಯವೇ ಪತ್ರ ಬರೆದಿದೆ. ಬಡವನ ಹೆಸರಲ್ಲಿ ಇಟ್ಟ ಹಣ ಬಡವನಿಗೇ ತಲುಪುವುದಿಲ್ಲ ಅಂದರೆ ಏನು ಹೇಳುವುದು!

ನಮ್ಮಲ್ಲಿ ಇನ್ನೊಂದು ಕಷ್ಟ ಉಂಟು. ಹುಡುಗ ಒಳಗೆ ಹೋದ ಅಂದ ಕೂಡಲೇ ಮನೆಯವರು ನಾಚಿಕೆಯಿಂದ ಬಾಗಿಲು ಹಾಕಿಕೊಳ್ತಾರೆ. ಯಾರೋ ಬ್ರೋಕರ್ ಬಂದು ಹಣ ಕೇಳಿದರೆ ಸಾಲ ಮಾಡಿಯಾದರೂ ಕೊಡ್ತಾರೆ. ಪ್ರತಿ ಜಮಾಅತಿನಲ್ಲಿ ಕಾನೂನು ತಿಳಿದ ಇಬ್ಬರು ಯುವಕರು ಇಂಥ ಮನೆಗೆ ಹೋಗಿ, ಪ್ರಾಧಿಕಾರದ ಕಚೇರಿಗೆ ಜೊತೆಗೆ ನಡೆದರೆ ಸಾಕು. ಅದಕ್ಕೆ ಬಸ್ ಚಾರ್ಜು ಬಿಟ್ಟರೆ ಬೇರೆ ಖರ್ಚಿಲ್ಲ.

ಅಪರಾಧ ಮಾಡಿದ್ದರೆ ಶಿಕ್ಷೆ ಆಗಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಹಣಿ ಇಲ್ಲದಿರುವುದು ಅಪರಾಧ ಅಲ್ಲ. ಮುಂದಿನ ಬಾರಿ ನಮ್ಮ ಶಾಸಕರು ಊರಿಗೆ ಬಂದಾಗ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳುವ: ಕಾನೂನು ನೆರವಿಗೆ ಈ ಸಲ ಎಷ್ಟು ಇಟ್ಟಿದ್ದೀರಿ, ಅದರಲ್ಲಿ ಖರ್ಚಾದದ್ದು ಎಷ್ಟು?